ಈಜುಕೊಳದ ಚೌಕಟ್ಟಿನ ಮೇಲೆ ಪಾರಿವಾಳ, ಕಾಗೆ, ಗೊರವಂಕ: ಕೂರದ ಹಾಗೆ ಮಾಡುವುದು ಹೇಗೆ?

ದುರ್ಗದರಸ್ತೆ
ಭಾನುವಾರ, ಬೆಳಿಗ್ಗೆ 8:10

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ತುಮಕೂರಿನಿಂದ ದೇವರಾಯನದುರ್ಗಕ್ಕೆ ಹೋಗುವ ರಸ್ತೆಯಲ್ಲಿದೆ. ಅಮ್ಮನಿಗೆ ಎರಡೂ ಮಂಡಿ ಸವೆದಿವೆ. ನೀರಿನಲ್ಲಿ ನಡೆದರೆ ಮಂಡಿಗೆ ಭಾರ ಕಡಿಮೆ ಬೀಳುತ್ತದೆ ಅಂತ ಡಾಕ್ಟರು ಹೇಳಿದರು. ಅದಕ್ಕೇ ಎರಡು ವರ್ಷದ ಹಿಂದೆ ಹಿತ್ತಲಲ್ಲಿ ಒಂದು ಸಣ್ಣ ಈಜುಕೊಳ ಕಟ್ಟಿಸಿದೆವು. 24 ಅಡಿ ಉದ್ದ, 12 ಅಡಿ ಅಗಲ, 4 ಅಡಿ ಆಳ. ಎಲೆ, ಕಸ ಬೀಳಬಾರದು ಅಂತ ಸುತ್ತಲೂ ಜಿಐ (ಸತು ಲೇಪಿಸಿದ ಕಬ್ಬಿಣ) ಚೌಕ ಪೈಪಿನ ಚೌಕಟ್ಟು ನಿಲ್ಲಿಸಿ ಜಾಲರಿ ಹೊದಿಸಿದೆವು. ಮೇಲೆ ಹಸಿರು ಶೇಡ್ ನೆಟ್ ಇದೆ.

ಎಲೆ ಏನೋ ನಿಂತಿತು. ಆದರೆ ಹಕ್ಕಿಗಳಿಗೆ ಆ ಪೈಪೇ ಜಗಲಿ ಆಗಿದೆ. ಮೇಲೆ ಕೂತು ಹಿಕ್ಕೆ ಹಾಕುತ್ತವೆ, ನೆಟ್ಟಿನ ತೂತಿನಿಂದ ಅದು ನೀರಿಗೇ ಇಳಿಯುತ್ತದೆ. ಅಮ್ಮ ಹಿಡಿದುಕೊಂಡು ಇಳಿಯುವ ಸ್ಟೀಲ್ ಕಂಬಿಯ ಮೇಲೆ ದಿನಾ ಬೆಳಿಗ್ಗೆ ಸುಣ್ಣ ಬಳಿದ ಹಾಗೆ ಬಿಳಿ ಗೆರೆ. ಅವರು ಒಂದು ಬಕೆಟ್ ನೀರು, ತೆಂಗಿನ ನಾರು ಹಿಡಿದು ಮೊದಲು ಮೆಟ್ಟಿಲು ತೊಳೆಯುತ್ತಾರೆ, ಆಮೇಲೆ ನೀರಿಗೆ ಇಳಿಯುತ್ತಾರೆ. ಹೋದ ತಿಂಗಳು ಆ ತೊಳೆಯುವ ಹೊತ್ತಿನಲ್ಲೇ ಕಾಲು ಜಾರಿತು. ಪುಣ್ಯಕ್ಕೆ ಮೂಳೆ ಮುರಿಯಲಿಲ್ಲ. ಆದರೆ ಅವತ್ತಿನಿಂದ ಅವರು ಕೊಳದ ಕಡೆ ಹೋಗುತ್ತಿಲ್ಲ.

ಯಾರಿಗಾದರೂ ಅನುಭವ ಇದ್ದರೆ ಹೇಳಿ. ಹಕ್ಕಿಗೆ ನೋವಾಗುವ ಉಪಾಯ ಬೇಡ, ಅದು ಅಮ್ಮನದೇ ಷರತ್ತು.

ಅರಳೀಕಟ್ಟೆ
ಯಾವ ಹಕ್ಕಿ ಅಂತ ಮೊದಲು ಹೇಳಿ ಸರ್. ಪಾರಿವಾಳದ ಮದ್ದು ಬೇರೆ, ಕಾಗೆಯ ಮದ್ದು ಬೇರೆ.

ಚಿಂತಾಮಣಿ ಹುಡುಗ
ಹಳೇ ಸಿಡಿ ಇದ್ದರೆ ಕಟ್ಟಿ ತೂಗುಬಿಡಿ. ಬಿಸಿಲಿಗೆ ಮಿಂಚುತ್ತದೆ, ಹತ್ತಿರ ಬರಲ್ಲ. ನಮ್ಮ ಟೊಮೆಟೊ ತೋಟದಲ್ಲಿ ಅದೇ.

ಕೋಲಾರಮ್ಮನ ಕೆರೆ
ಸಿಡಿ ಎಷ್ಟು ದಿನ ನಡೆಯಿತು ಅಂತಲೂ ಹೇಳಿ. ನಮ್ಮ ಮನೆ ಮಾಳಿಗೆಯಲ್ಲಿ ನಾನು ಸಿಡಿ ಕಟ್ಟಿದೆ, ಮಿಂಚುವ ಟೇಪು ಕಟ್ಟಿದೆ, ಪ್ಲಾಸ್ಟಿಕ್ ಗೂಬೆ ತಂದು ನಿಲ್ಲಿಸಿದೆ. ಮೊದಲ ವಾರ ಒಂದು ಪಾರಿವಾಳವೂ ಬರಲಿಲ್ಲ. ಎರಡನೇ ವಾರ ದೂರದಲ್ಲಿ ಕೂತು ನೋಡಿದವು. ಮೂರನೇ ವಾರ ಗೂಬೆಯ ತಲೆ ಮೇಲೆ ಹಿಕ್ಕೆ. ಅಲ್ಲಾಡದ ಗೂಬೆ ಗೂಬೆಯಲ್ಲ ಅಂತ ಅವಕ್ಕೆ ಗೊತ್ತಾಗುತ್ತದೆ.

ಚಿಂತಾಮಣಿ ಹುಡುಗ
ನಾವು ಫಸಲು ಇರುವಷ್ಟು ದಿನ ಮಾತ್ರ ಕಟ್ಟುತ್ತೇವೆ, ಅದಕ್ಕೆ ನಡೆಯುತ್ತದೆ ಅನ್ನಿಸುತ್ತದೆ. ವರ್ಷಪೂರ್ತಿ ಅಂದರೆ ಕಷ್ಟ ಇರಬಹುದು.

ದುರ್ಗದರಸ್ತೆ
ಅರಳೀಕಟ್ಟೆಯವರು ಕೇಳಿದ್ದಕ್ಕೆ ಇವತ್ತು ಪೂರ್ತಿ ಕೂತು ನೋಡಿದೆ. ಬೆಳಿಗ್ಗೆ ಆರೂವರೆಗೆ ಪಾರಿವಾಳ ಬಂದವು, ಹದಿನಾಲ್ಕು ಎಣಿಸಿದೆ. ಪೂರ್ವದ ಕಡೆಯ ಉದ್ದ ಪೈಪಿನ ಮೇಲೆ ಸಾಲಾಗಿ ಕೂತವು. ಎಂಟಕ್ಕೆ ಹೋದವು, ಸಂಜೆ ನಾಲ್ಕಕ್ಕೆ ಮತ್ತೆ ಬಂದವು. ಗೊರವಂಕ ಆರೇಳು, ಬಂದು ಬಂದು ಹೋಗುತ್ತವೆ.

ಮಧ್ಯಾಹ್ನ ಒಂದು ಕಾಗೆ ಮಾಡಿದ ಕೆಲಸ ನೋಡಿ ಬೆರಗಾದೆ. ಎಲ್ಲಿಂದಲೋ ಒಣಗಿದ ರೊಟ್ಟಿ ಚೂರು ತಂದಿತು. ನೆಟ್ಟು ಒಂದು ಮೂಲೆಯಲ್ಲಿ ಕಿತ್ತಿದೆ, ಅಲ್ಲಿಂದ ನುಗ್ಗಿ ಕೊಳದ ಅಂಚಿಗೆ ಇಳಿಯಿತು. ರೊಟ್ಟಿಯನ್ನು ನೀರಿಗೆ ಅದ್ದಿತು, ಕಾಲಲ್ಲಿ ಒತ್ತಿ ಹಿಡಿಯಿತು, ಮತ್ತೆ ಅದ್ದಿತು. ಮೆತ್ತಗಾದ ಮೇಲೆ ತಿಂದು ಹೋಯಿತು. ಕೊಳದ ತಳದಲ್ಲಿ ಸಿಗುತ್ತಿದ್ದ ಕೋಳಿ ಮೂಳೆಗಳು ಎಲ್ಲಿಂದ ಬರುತ್ತವೆ ಅಂತ ಈಗ ಅರ್ಥ ಆಯಿತು.

ಅರಳೀಕಟ್ಟೆ
ನೋಡಿ, ಒಂದೇ ಜಾಗ, ಮೂರು ಕಾರಣ. ಪಾರಿವಾಳ ಬರುವುದು ಕೂರಲು. ಕಾಗೆ ಬರುವುದು ನೀರಿಗೆ. ಗೊರವಂಕ ಬರುವುದು ಹುಳ ಹೆಕ್ಕಲು. ರಾತ್ರಿ ಕೊಳದ ಹತ್ತಿರ ದೀಪ ಉರಿಯುತ್ತದಾ? ಉರಿದರೆ ಬೆಳಿಗ್ಗೆ ಅಲ್ಲಿ ಸತ್ತ ಹುಳಗಳ ರಾಶಿ ಇರುತ್ತದೆ, ಗೊರವಂಕಕ್ಕೆ ಅದು ತಿಂಡಿ. ದೀಪ ಆರಿಸಿ, ಕಿತ್ತ ಮೂಲೆ ಹೊಲಿಯಿರಿ. ಅರ್ಧ ಕೆಲಸ ಅಲ್ಲೇ ಮುಗಿಯಿತು.

ನಂದಿ ತಪ್ಪಲು
ಅಲ್ಟ್ರಾಸಾನಿಕ್ ಯಂತ್ರ ಹಾಕಿ. ಮನುಷ್ಯರಿಗೆ ಕೇಳಿಸಲ್ಲ, ಹಕ್ಕಿ ಓಡುತ್ತದೆ. ಆನ್‌ಲೈನಲ್ಲಿ ಸಿಗುತ್ತದೆ.

ಭೌತಶಾಸ್ತ್ರ ಮೇಷ್ಟ್ರು
ದಯವಿಟ್ಟು ಆ ದುಡ್ಡು ಉಳಿಸಿಕೊಳ್ಳಿ. ಅಲ್ಟ್ರಾಸಾನಿಕ್ ಅಂದರೆ 20 ಸಾವಿರ ಹರ್ಟ್ಸ್ ಮೇಲಿನ ಶಬ್ದ. ಹಕ್ಕಿಗಳ ಕಿವಿ ಸಾಮಾನ್ಯವಾಗಿ 10 ಸಾವಿರ ಹರ್ಟ್ಸ್ ಆಸುಪಾಸಿನಲ್ಲೇ ನಿಂತುಹೋಗುತ್ತದೆ. ನಮಗೆ ಕೇಳಿಸದ ಆ ಶಬ್ದ ಪಾರಿವಾಳಕ್ಕೂ ಕೇಳಿಸುವುದಿಲ್ಲ. ನಾಯಿ, ಬೆಕ್ಕು, ಬಾವಲಿಗೆ ಕೇಳಿಸುತ್ತದೆ. ನಿಮ್ಮ ಮನೆಯಲ್ಲಿ ನಾಯಿ ಇದ್ದರೆ ಹಿಂಸೆ ಅದಕ್ಕೆ.

ನಂದಿ ತಪ್ಪಲು
ಇದು ಗೊತ್ತಿರಲಿಲ್ಲ ಮೇಷ್ಟ್ರೇ. ನಮ್ಮ ಅಂಗಡಿಯಲ್ಲಿ ಒಂದು ಇದೆ, ಪಾರಿವಾಳ ಅದರ ಪಕ್ಕದಲ್ಲೇ ಕೂರುತ್ತವೆ. ಕೆಟ್ಟಿದೆ ಅಂದುಕೊಂಡಿದ್ದೆ.

ಮಲ್ಲಿಗೆ ಬಳ್ಳಿ
ಒಂದು ಮಾತು ದಯವಿಟ್ಟು ಕೇಳಿ. ಯಾರೇ ಬಂದು ಅಂಟು ಜೆಲ್ ಹಚ್ಚುತ್ತೇವೆ ಅಂದರೆ ಒಪ್ಪಬೇಡಿ.

ನಮ್ಮದು ಚಿಕ್ಕಬಳ್ಳಾಪುರ. ಹೋದ ವರ್ಷ ಬಾಲ್ಕನಿ ಕಂಬಿಗೆ ಅಂತ ಒಬ್ಬರನ್ನು ಕರೆಸಿದೆವು. ಪಾರಿವಾಳದ ಕಾಲಿಗೆ ಅಂಟಿದಂತಾಗಿ ಇರುಸುಮುರುಸಾಗುತ್ತದೆ, ಹಾರಿಹೋಗುತ್ತವೆ, ಅಷ್ಟೇ ಅಂದರು. ಪಾರಿವಾಳ ದೊಡ್ಡ ಹಕ್ಕಿ, ಕಿತ್ತುಕೊಂಡು ಹೋಯಿತು. ನಾಲ್ಕನೇ ದಿನ ಬೆಳಿಗ್ಗೆ ಒಂದು ಪಿಕಳಾರ ಸಿಕ್ಕಿಬಿದ್ದಿತ್ತು. ಒಂದು ರೆಕ್ಕೆ, ಬಾಲ, ಎರಡೂ ಕಾಲು ಅಂಟಿದ್ದವು. ಕೂಗಲೂ ಶಕ್ತಿ ಇರಲಿಲ್ಲ, ಬಾಯಿ ತೆರೆದು ಮುಚ್ಚುತ್ತಿತ್ತು. ನಾನು ಕೈಯಲ್ಲಿ ಅಡುಗೆ ಎಣ್ಣೆ ಹಚ್ಚಿಕೊಂಡು ಒಂದೊಂದೇ ಗರಿ ಬಿಡಿಸಿದೆ. ಮುಕ್ಕಾಲು ಗಂಟೆ ಹಿಡಿಯಿತು. ಬಾಲದ ಗರಿ ಪೂರ್ತಿ ಅಲ್ಲೇ ಉಳಿದವು. ರಟ್ಟಿನ ಡಬ್ಬದಲ್ಲಿ ಬಟ್ಟೆ ಹಾಸಿ ಇಟ್ಟೆ. ಸಂಜೆಗೆ ಸತ್ತಿತು.

ಆ ಜೆಲ್ ತೆಗೆಯಲು ಮತ್ತೆ ಎರಡು ದಿನ ಕಂಬಿ ಕೆರೆದೆ. ಧೂಳು ಕೂತ ಮೇಲೆ ಅದು ಅಂಟುವುದೂ ಇಲ್ಲ, ಬರೀ ಕಪ್ಪು ಕೊಳೆ. ಪಾರಿವಾಳ ವಾಪಸ್ ಬಂದವು.

ದುರ್ಗದರಸ್ತೆ
ಓದಿ ಸಂಕಟ ಆಯಿತು. ನಮಗೂ ಇದನ್ನೇ ಹೇಳಿದ್ದರು. ಬೇಡ ಅಂತ ಈಗಲೇ ಫೋನ್ ಮಾಡಿದೆ.

ಕೊನೇ ಸೀಟು
ಇಷ್ಟೆಲ್ಲಾ ಯಾಕೆ? ಒಂದು ಏರ್‌ಗನ್ ತಂದು ನಾಲ್ಕು ಹೊಡೆದರೆ ಉಳಿದವು ತಾವಾಗೇ ಹೋಗುತ್ತವೆ.

ಅರಳೀಕಟ್ಟೆ
ಹೋಗಲ್ಲ. ನಾಲ್ಕು ಸತ್ತ ಜಾಗಕ್ಕೆ ಇನ್ನು ನಾಲ್ಕು ಬರುತ್ತವೆ. ಜಾಗ ಹಾಗೇ ಇರುತ್ತದಲ್ವಾ?

ವಕೀಲರ ಮನೆ
ಅಷ್ಟೇ ಅಲ್ಲ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಇದೆ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ. ಸಾರ್ವಜನಿಕ ವೇದಿಕೆಯಲ್ಲಿ ಹೀಗೆ ಬರೆಯುವುದೇ ತಪ್ಪು. ಅವರು ಮೊದಲ ಪೋಸ್ಟಿನಲ್ಲೇ ನೋವು ಬೇಡ ಅಂದಿದ್ದಾರೆ.

ಕೊನೇ ಸೀಟು
ಸರಿ, ತಪ್ಪಾಯಿತು. ಹಿಂದೆ ತೆಗೆದುಕೊಳ್ಳುತ್ತೇನೆ.

ವೆಲ್ಡಿಂಗ್ ಶೆಡ್ ಗುಬ್ಬಿ
ನಾನು ಗುಬ್ಬಿಯವನು, ತಾಲ್ಲೂಕು ಗುಬ್ಬಿ, ಹಕ್ಕಿ ಗುಬ್ಬಿ ಅಲ್ಲ. ಇಪ್ಪತ್ತು ವರ್ಷದಿಂದ ಕಬ್ಬಿಣದ ಕೆಲಸ. ಇಂಥ ಚೌಕಟ್ಟು ತುಂಬಾ ಮಾಡಿದ್ದೇನೆ, ಹಕ್ಕಿಯ ತಕರಾರು ಬಂದಾಗ ಸರಿಪಡಿಸಿಯೂ ಇದ್ದೇನೆ. ಸ್ವಲ್ಪ ಉದ್ದ ಆಗುತ್ತದೆ, ಓದಿ.

ನಿಮ್ಮ ಚೌಕಟ್ಟಿನ ತಪ್ಪು ಆ ಚೌಕ ಪೈಪು. ಎರಡು ಇಂಚು ಅಗಲದ ಸಪಾಟು ಮೇಲ್ಮೈ, ಪಾರಿವಾಳಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಬೇಕಾ? ಮಧುಗಿರಿ ಬೆಟ್ಟದ ಬಂಡೆ ಸೀಳಿನಲ್ಲಿ, ಹಾಳು ಬಾವಿಯ ಕಲ್ಲು ಸಂದಿನಲ್ಲಿ ಇರುವ ಹಕ್ಕಿ ಅದು. ಎತ್ತರದಲ್ಲಿ ಸಪಾಟು ಅಂಚು ಕಂಡರೆ ಕೂರುವುದು ಅದರ ಹುಟ್ಟುಗುಣ. ಹೆದರಿಸಿದರೆ ಎರಡು ದಿನ ಹೋಗಿ ಬರುತ್ತದೆ. ಕೂರಲು ಆಗದ ಹಾಗೆ ಮಾಡಿದರೆ ಬೇರೆ ಕಡೆ ಹೋಗುತ್ತದೆ. ನಿಮ್ಮ ಜಾಗಕ್ಕೆ ಮೂರು ದಾರಿ ಇವೆ.

ಒಂದು, ಇಳಿಜಾರು. ಪೈಪಿನ ಮೇಲೆ ತೆಳು ತಗಡನ್ನು ಮನೆ ಸೂರಿನ ಹಾಗೆ ಬಗ್ಗಿಸಿ ಕೂರಿಸಿ. ಎರಡೂ ಕಡೆ ಇಳಿಜಾರು 45 ಡಿಗ್ರಿಗಿಂತ ಜಾಸ್ತಿ ಇರಬೇಕು, 60 ಆದರೆ ಇನ್ನೂ ಒಳ್ಳೆಯದು. ಪೇಂಟ್ ನುಣುಪಾಗಿರಲಿ. ಕಾಲು ನಿಲ್ಲುವುದಿಲ್ಲ. ಇದು ಪಾರಿವಾಳಕ್ಕೂ ಆಗುತ್ತದೆ, ಗೊರವಂಕಕ್ಕೂ ಆಗುತ್ತದೆ.

ಎರಡು, ತಂತಿ. ಪೈಪಿನ ಮೇಲೆ ಐದೈದು ಅಡಿಗೆ ಸಣ್ಣ ಗೂಟ ನಿಲ್ಲಿಸಿ, ಪ್ಲಾಸ್ಟಿಕ್ ಹೊದಿಕೆಯ ಸ್ಟೀಲ್ ತಂತಿ ಎಳೆಯಿರಿ. ಎರಡು ಸಾಲು ಬೇಕು, ಒಂದು ಸ್ವಲ್ಪ ತಗ್ಗು, ಇನ್ನೊಂದು ಸ್ವಲ್ಪ ಎತ್ತರ. ತುದಿಗೆ ಸ್ಪ್ರಿಂಗ್ ಹಾಕಿ. ಹಕ್ಕಿ ಕಾಲಿಟ್ಟರೆ ತಂತಿ ಅಲುಗುತ್ತದೆ, ಸಮತೋಲ ಸಿಗುವುದಿಲ್ಲ. ಪಾರಿವಾಳಕ್ಕೆ ಇದು ಚೆನ್ನಾಗಿ ನಡೆಯುತ್ತದೆ. ಗೊರವಂಕದಂಥ ಸಣ್ಣ ಹಕ್ಕಿಗೆ ನಡೆಯುವುದಿಲ್ಲ, ಅವು ತಂತಿಯ ಕೆಳಗೇ ತೂರಿ ಕೂರುತ್ತವೆ. ಗಾಳಿಪಟದ ಮಾಂಜಾ ಮಾತ್ರ ಕಟ್ಟಬೇಡಿ, ರೆಕ್ಕೆ ಕತ್ತರಿಸುತ್ತದೆ.

ಮೂರನೇದು ನಾನೇ ಮಾಡಿ ನೋಡಿದ್ದು. ತಂತಿಯನ್ನು ಪಿವಿಸಿ ಪೈಪಿನ ಒಳಗೆ ತೂರಿಸಿ, ಪೈಪು ಸಲೀಸಾಗಿ ಉರುಳುವ ಹಾಗೆ ಕಟ್ಟುವುದು. ಹಕ್ಕಿ ಬಂದು ಕೂತರೆ ಪೈಪು ತಿರುಗುತ್ತದೆ, ಹಕ್ಕಿ ಹಾರುತ್ತದೆ. ಯಾರಿಗೂ ಗಾಯ ಇಲ್ಲ. ಮೂಲೆಗಳಲ್ಲಿ ಮಾತ್ರ ಬೇರೆ ಏನಾದರೂ ಬೇಕು, ಅಲ್ಲಿ ಪೈಪು ತಿರುಗುವುದಿಲ್ಲ.

ದುರ್ಗದರಸ್ತೆ
ಇಷ್ಟು ವಿವರವಾಗಿ ಬರೆದಿದ್ದಕ್ಕೆ ತುಂಬಾ ಧನ್ಯವಾದ ಅಣ್ಣ. ಮೊಳೆ ಪಟ್ಟಿ ಅಂತ ಸಿಗುತ್ತದಲ್ಲ, ಸ್ಟೀಲ್ ಕಡ್ಡಿಗಳು ಮೇಲೆ ನಿಂತಿರುವುದು, ಅದು ಹೇಗೆ?

ವೆಲ್ಡಿಂಗ್ ಶೆಡ್ ಗುಬ್ಬಿ
ಕಡ್ಡಿ ತುದಿ ಮೊಂಡಾಗಿದ್ದರೆ ಪಾರಿವಾಳಕ್ಕೆ ಪರವಾಗಿಲ್ಲ. ಆದರೆ ಪೈಪಿನ ಅಗಲ ಪೂರ್ತಿ ಮುಚ್ಚಬೇಕು. ಒಂದು ಇಂಚು ಬಿಟ್ಟರೂ ಅಲ್ಲಿ ಕೂರುತ್ತವೆ. ಇನ್ನೊಂದು ತೊಂದರೆ, ಎಲೆ, ಕಡ್ಡಿ, ಗರಿ ಎಲ್ಲ ಅಲ್ಲಿ ಸಿಕ್ಕಿಕೊಳ್ಳುತ್ತದೆ. ಕ್ಲೀನ್ ಮಾಡದೆ ಬಿಟ್ಟರೆ ಅದರ ಮೇಲೇ ಗೂಡು ಕಟ್ಟುತ್ತವೆ, ಕಡ್ಡಿ ಗೂಡಿಗೆ ಆಧಾರ ಆಗುತ್ತದೆ. ಮೂಲೆಗಳಿಗೆ ಅಷ್ಟೇ ಹಾಕಿ.

ದ್ರಾಕ್ಷಿ ತೋಟ ಚಿಕ್ಕಬಳ್ಳಾಪುರ
ಬಲೆಯ ಬಗ್ಗೆ ನಾನು ಹೇಳುತ್ತೇನೆ, ನಮ್ಮ ಕಡೆ ದ್ರಾಕ್ಷಿಗೆ ಬಲೆ ಕಟ್ಟುವುದು ಮಾಮೂಲು. ನಿಮ್ಮ ಶೇಡ್ ನೆಟ್ಟು ಬಿಸಿಲಿಗೆ ಮಾಡಿದ್ದು, ಹಕ್ಕಿಗೆ ಮಾಡಿದ್ದಲ್ಲ. ವರ್ಷ ಕಳೆದ ಹಾಗೆ ಜೋತುಬೀಳುತ್ತದೆ. ಜೋತುಬಿದ್ದ ನೆಟ್ಟು ಹಕ್ಕಿಗೆ ತೊಟ್ಟಿಲು.

ಹಕ್ಕಿ ಬಲೆಯಲ್ಲಿ ಕಣ್ಣಿನ, ಅಂದರೆ ತೂತಿನ, ಅಳತೆ ಮುಖ್ಯ. ಪಾರಿವಾಳಕ್ಕೆ 50 ಮಿಲಿಮೀಟರ್ ಸಾಕು. ಗೊರವಂಕಕ್ಕೆ 28 ಬೇಕು. ಗುಬ್ಬಿಯೂ ನುಗ್ಗಬಾರದು ಅಂದರೆ 19. ಯಾವ ಸಣ್ಣ ಹಕ್ಕಿಯೂ ನುಗ್ಗದ ಹಾಗೆ ನೀವು 19 ತಗೊಳ್ಳಿ.

ಅಳತೆಗಿಂತ ಮುಖ್ಯ ಬಿಗಿ. ಸಡಿಲ ಬಲೆ ಹಕ್ಕಿಯನ್ನು ಕೊಲ್ಲುತ್ತದೆ. ನಾನು ಮೊದಲ ವರ್ಷ ಸುಮ್ನೆ ಹೊದಿಸಿ ಬಿಟ್ಟಿದ್ದೆ. ಒಂದು ಬೆಳಿಗ್ಗೆ ಸಾಲಿನ ಕೊನೆಯಲ್ಲಿ ಒಂದು ಗಿಳಿ ತಲೆಕೆಳಗಾಗಿ ನೇತಾಡುತ್ತಿತ್ತು. ಒದ್ದಾಡಿದಷ್ಟೂ ದಾರ ಕಾಲಿಗೆ ಸುತ್ತಿಕೊಂಡಿತ್ತು. ಕತ್ತರಿಯಿಂದ ಬಿಡಿಸಿದೆ, ಬದುಕಿತು. ಆವತ್ತಿನಿಂದ ಸುತ್ತ ಜಿಐ ತಂತಿ ಎಳೆದು, ಅದಕ್ಕೆ ಬಲೆಯನ್ನು ಅಂಗೈ ಅಗಲಕ್ಕೊಂದು ಗಂಟು ಹಾಕಿ ಬಿಗಿಯುತ್ತೇನೆ. ಬೆರಳಲ್ಲಿ ಮೀಟಿದರೆ ತಮಟೆ ಚರ್ಮದ ಹಾಗೆ ಇರಬೇಕು. ದಿನಾ ಒಂದು ಸಲ ಸುತ್ತು ಬರಬೇಕು. ಕಪ್ಪು ದಾರದ ದಪ್ಪ ಬಲೆ ತೆಗೆದುಕೊಳ್ಳಿ, ತೆಳು ಮೀನಿನ ಬಲೆ ಹಕ್ಕಿಯ ಕಣ್ಣಿಗೆ ಕಾಣುವುದಿಲ್ಲ.

ಶಿರಾ ಬಯಲು
ಇಷ್ಟು ಜನ ಹಕ್ಕಿ ಓಡಿಸುವ ಬಗ್ಗೆ ಮಾತಾಡುತ್ತಿದ್ದೀರಿ, ನನಗೆ ಒಂಥರಾ ಆಗುತ್ತಿದೆ. ನಮ್ಮ ತಾಲ್ಲೂಕಿನ ಕಗ್ಗಲಡು ನೋಡಿ. ಊರ ನಡುವಿನ ಹುಣಸೆ ಮರಗಳ ಮೇಲೆ ಬಣ್ಣದ ಕೊಕ್ಕರೆ ಬಂದು ಗೂಡು ಕಟ್ಟುತ್ತವೆ. ಮರದ ಕೆಳಗೆ ಓಡಾಡಿದರೆ ಹಿಕ್ಕೆ ಮೈಮೇಲೇ ಬೀಳುತ್ತದೆ. ಮೀನಿನ ವಾಸನೆ ಬೇರೆ. ಆದರೂ ಆ ಊರಿನವರು ಒಂದು ಕಲ್ಲು ಎಸೆಯುವುದಿಲ್ಲ. ಎಸೆಯಲು ಬಂದವರನ್ನು ತಡೆಯುತ್ತಾರೆ. ಹಳ್ಳಿಯವರು ಅಷ್ಟು ಸಹಿಸಿಕೊಂಡರೆ ನಾವು ಒಂದು ಪೈಪು ತೊಳೆಯಲು ಆಗುವುದಿಲ್ಲವಾ?

ಕೋಲಾರಮ್ಮನ ಕೆರೆ
ಕಗ್ಗಲಡು ನಾನೂ ನೋಡಿದ್ದೇನೆ, ಕೈ ಮುಗಿಯಬೇಕು ಆ ಜನಕ್ಕೆ. ಆದರೆ ಹೋಲಿಕೆ ಸರಿಯಿಲ್ಲ. ಕೊಕ್ಕರೆ ಬಂದು ಮರಿ ಮಾಡಿಕೊಂಡು ಹೋಗುತ್ತವೆ. ಪಾರಿವಾಳ ವರ್ಷಪೂರ್ತಿ ಇಲ್ಲೇ, ವರ್ಷಕ್ಕೆ ಹಲವು ಸಲ ಎರಡೆರಡು ಮೊಟ್ಟೆ. ಅದೂ ಅಲ್ಲದೆ ಇಲ್ಲಿ ಒಬ್ಬ ವಯಸ್ಸಾದ ತಾಯಿ ಜಾರಿ ಬಿದ್ದಿದ್ದಾರೆ.

ಶಿರಾ ಬಯಲು
ತಾಯಿಯವರ ವಿಷಯ ನಾನು ಮರೆತಿಲ್ಲ. ಕೂರುವ ಜಾಗ ಕಿತ್ತುಕೊಂಡರೆ ಬೇರೆ ಜಾಗ ಕೊಡಬೇಕು ಅನ್ನುವುದು ನನ್ನ ಮಾತು. ಹಿತ್ತಲ ಆ ತುದಿಯಲ್ಲಿ ಒಂದು ಮಣ್ಣಿನ ಬೋಗುಣಿಗೆ ನೀರು ಇಡಿ. ನಮ್ಮ ಕಡೆ ಬೇಸಿಗೆಯಲ್ಲಿ ಕುಂಟೆಗಳೆಲ್ಲ ಒಣಗುತ್ತವೆ, ಬಾಯಾರಿದ ಹಕ್ಕಿ ಎಲ್ಲಿಗೆ ಹೋಗಬೇಕು?

ಅರಳೀಕಟ್ಟೆ
ಇದು ಒಳ್ಳೆಯ ಮಾತು. ಕಾಗೆಗೆ ಖಂಡಿತ ಇದೇ ಮದ್ದು. ಬೋಗುಣಿ ಅಗಲ ಇರಲಿ, ಆಳ ಬೇಡ, ಎರಡು ಇಂಚು ನೀರು ಸಾಕು. ಒಳಗೆ ಒಂದು ಕಲ್ಲು ಇಡಿ, ಸಣ್ಣ ಹಕ್ಕಿ ನಿಂತು ಕುಡಿಯಲು. ದಿನಾ ತೊಳೆದು ನೀರು ಬದಲಿಸಿ, ಇಲ್ಲದಿದ್ದರೆ ಸೊಳ್ಳೆ.

ಲ್ಯಾಬ್ ಕೋಟು
ಯಾರೂ ನೀರಿನ ಬಗ್ಗೆ ಮಾತಾಡಲಿಲ್ಲ. ಹಿಕ್ಕೆ ಬಿದ್ದ ನೀರಿನಲ್ಲಿ ಸಾಲ್ಮೊನೆಲ್ಲಾ ಥರದ ಬ್ಯಾಕ್ಟೀರಿಯಾ ಇರಬಹುದು. ಕ್ಲೋರಿನ್ ಸರಿಯಿದ್ದರೆ ಅವು ಸಾಯುತ್ತವೆ. ಕಷ್ಟ ಏನೆಂದರೆ ಹಿಕ್ಕೆಯಲ್ಲಿರುವ ಸಾರಜನಕ ಆ ಕ್ಲೋರಿನ್ನನ್ನೇ ತಿಂದುಹಾಕುತ್ತದೆ. ಈಜುಕೊಳದ ಹತ್ತಿರ ಕಣ್ಣು ಉರಿಸುವ ಘಾಟು ಬಂದರೆ ಕ್ಲೋರಿನ್ ಜಾಸ್ತಿ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಅದು ಕೊಳೆಯ ಜೊತೆ ಸೇರಿ ಆದ ಕ್ಲೋರಮಿನ್ ವಾಸನೆ.

ಹಿಕ್ಕೆ ಬಿದ್ದಿದ್ದು ಕಂಡರೆ ಎಲ್ಲರೂ ನೀರಿನಿಂದ ಹೊರಗೆ ಬರಬೇಕು. ಬಲೆಯಲ್ಲಿ ಹಿಕ್ಕೆ ಎತ್ತಿ, ಕ್ಲೋರಿನ್ 2 ಪಿಪಿಎಂ (ಲೀಟರಿಗೆ 2 ಮಿಲಿಗ್ರಾಂ) ಮುಟ್ಟಿಸಿ, ಪಿಎಚ್ (ನೀರಿನ ಆಮ್ಲ-ಕ್ಷಾರದ ಅಳತೆ) 7.5 ಅಥವಾ ಅದಕ್ಕಿಂತ ಕಡಿಮೆ ಇರುವ ಹಾಗೆ ನೋಡಿಕೊಂಡು, ಪಂಪು ಓಡಿಸಿ ಅರ್ಧ ಗಂಟೆ ಬಿಡಿ. ನಿಮ್ಮ ಕೊಳ ಸುಮಾರು 32 ಸಾವಿರ ಲೀಟರ್ ಆಗುತ್ತದೆ. 1 ಪಿಪಿಎಂ ಏರಿಸಲು 32 ಗ್ರಾಂ ಕ್ಲೋರಿನ್ ಬೇಕು. 65 ಪರ್ಸೆಂಟಿನ ಕ್ಯಾಲ್ಸಿಯಂ ಹೈಪೊಕ್ಲೋರೈಟ್ ಆದರೆ ಹತ್ತಿರ ಹತ್ತಿರ 50 ಗ್ರಾಂ. ಅಂದಾಜಿನಲ್ಲಿ ಸುರಿಯಬೇಡಿ, ಟೆಸ್ಟ್ ಕಿಟ್ ಇಟ್ಟುಕೊಳ್ಳಿ.

ಒಣಗಿದ ಹಿಕ್ಕೆಯನ್ನು ಪೊರಕೆಯಲ್ಲಿ ಗುಡಿಸುವುದು ಬೇಡವೇ ಬೇಡ. ಪುಡಿ ಎದ್ದು ಮೂಗಿಗೆ ಹೋಗುತ್ತದೆ, ಅದರಲ್ಲಿ ಶ್ವಾಸಕೋಶಕ್ಕೆ ತಗಲುವ ಶಿಲೀಂಧ್ರ ಇರಬಹುದು. ಮೊದಲು ನೀರು ಚಿಮುಕಿಸಿ ನೆನೆಸಿ, ಮಾಸ್ಕ್ ಹಾಕಿಕೊಂಡು ಒರೆಸಿ. ಅಮ್ಮ ನೀರು ಹಾಕಿ ತೊಳೆಯುತ್ತಿದ್ದದ್ದು ಸರಿಯಾದ ಕ್ರಮವೇ. ಆದರೆ ಆ ಕೆಲಸ ಬೇರೆಯವರು ಮಾಡಲಿ.

ನಂದಿ ತಪ್ಪಲು
ಬ್ಲೀಚಿಂಗ್ ಪೌಡರ್ ಜೊತೆ ಸ್ವಲ್ಪ ಆಸಿಡ್ ಹಾಕಿ ಉಜ್ಜಿದರೆ ಕಲೆ ಬೇಗ ಹೋಗುತ್ತದೆ.

ಲ್ಯಾಬ್ ಕೋಟು
ಬೇಡ! ಎರಡೂ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ. ಮುಚ್ಚಿದ ಬಚ್ಚಲಿನಲ್ಲಿ ಜೀವಕ್ಕೇ ಅಪಾಯ. ದಯವಿಟ್ಟು ಈ ಸಲಹೆ ಅಳಿಸಿ.

ನಂದಿ ತಪ್ಪಲು
ನಾವು ಮನೆಯಲ್ಲಿ ಹಾಗೇ ಮಾಡುತ್ತಿದ್ದೆವು, ಕೆಮ್ಮು ಬರುತ್ತಿತ್ತು. ಇವತ್ತಿಗೆ ನಿಲ್ಲಿಸಿದೆ.

ಮಾವಿನ ತೋಪು ಶ್ರೀನಿವಾಸಪುರ
ಪಾರಿವಾಳ ಏನು ಮಹಾ. ನಮ್ಮ ತೋಪಿನ ಮನೆ ಶೀಟಿನ ಮೇಲೆ ನವಿಲು ಕೂರುತ್ತವೆ. ಬೆಳಿಗ್ಗೆ ಐದಕ್ಕೆ ಕೂಗು. ಯಾರಾದರೂ ಮದ್ದು ಹೇಳಿ.

ವಕೀಲರ ಮನೆ
ನವಿಲು 1963ರಿಂದ ರಾಷ್ಟ್ರಪಕ್ಷಿ, ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿದೆ. ಮುಟ್ಟಬೇಡಿ. ಅರಣ್ಯ ಇಲಾಖೆಗೆ ಹೇಳಬಹುದು, ಅಷ್ಟೇ.

ಮಾವಿನ ತೋಪು ಶ್ರೀನಿವಾಸಪುರ
ಮುಟ್ಟುವ ಆಸೆ ಇಲ್ಲ ಸ್ವಾಮಿ, ನಿದ್ದೆಯ ಆಸೆ ಅಷ್ಟೇ.

ಕೋಲಾರಮ್ಮನ ಕೆರೆ
ಹಕ್ಕಿ ವಿಷಯ ಬಂದಿದ್ದಕ್ಕೆ ಹೇಳುತ್ತೇನೆ. 2018ರಲ್ಲಿ ಕೆಸಿ ವ್ಯಾಲಿ ನೀರು (ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ಬಿಡುವುದು) ನಮ್ಮ ಕೆರೆಗಳಿಗೆ ಬರಲು ಶುರುವಾದ ಮೇಲೆ ನಮ್ಮೂರ ಕೆರೆಯಲ್ಲಿ ನೀರುಕಾಗೆ, ಬೆಳ್ಳಕ್ಕಿ ಎಷ್ಟು ಕಾಣುತ್ತವೆ ಅಂತೀರಿ. ನಾನು ಚಿಕ್ಕವನಿದ್ದಾಗ ಆ ಕೆರೆಯಲ್ಲಿ ಕ್ರಿಕೆಟ್ ಆಡುತ್ತಿದ್ದೆವು.

ಚಿಂತಾಮಣಿ ಹುಡುಗ
ಆ ನೀರಿನ ಗುಣಮಟ್ಟದ ಬಗ್ಗೆ ಮಾತು ಬೇರೆ ಇದೆ. ಬೇರೆ ಚರ್ಚೆ ತೆಗೆಯಿರಿ, ಇಲ್ಲಿ ಬೇಡ.

ಹಳೇ ಕಣ
ನಮ್ಮ ತಾತ ರಾಗಿ ಹೊಲದಲ್ಲಿ ಬೆರ್ಚಪ್ಪ ನಿಲ್ಲಿಸುತ್ತಿದ್ದರು. ಅದಕ್ಕೆ ಅವರು ನಾಲ್ಕು ದಿನಕ್ಕೊಮ್ಮೆ ಅಂಗಿ ಬದಲಿಸಿ, ಜಾಗ ಬದಲಿಸಿ ನಿಲ್ಲಿಸುತ್ತಿದ್ದರು. ಯಾಕೆ ಅಂದರೆ, ಹಕ್ಕಿಗೂ ನೆನಪಿದೆ ಮಗಾ ಅನ್ನುತ್ತಿದ್ದರು. ಆಮೇಲೆ ಹಳೇ ಕ್ಯಾಸೆಟ್ಟಿನ ರೀಲು ಹೊಲದ ಸುತ್ತ ಎಳೆಯುವುದು ಬಂತು. ಗಾಳಿಗೆ ಅದು ಗುಂಯ್ ಅನ್ನುತ್ತಿತ್ತು. ಈಗಲೂ ಆ ಸದ್ದು ಕಿವಿಯಲ್ಲಿದೆ.

ಇನ್ನೊಂದು. ನಮ್ಮ ಹೊಲದ ಬೇಲಿಯ ಜಾಲಿ ಮರದಲ್ಲಿ ಕಾಜಾಣ ಗೂಡು ಕಟ್ಟಿದ ವರ್ಷ ಕಾಗೆ ಹತ್ತಿರ ಬರುತ್ತಿರಲಿಲ್ಲ. ಅಷ್ಟು ಸಣ್ಣ ಹಕ್ಕಿ ಹದ್ದಿನ ಬೆನ್ನಟ್ಟಿ ಬೆನ್ನಿಗೆ ಕುಟುಕುವುದನ್ನು ನಾನೇ ನೋಡಿದ್ದೇನೆ. ನಿಮ್ಮ ಹಿತ್ತಲಲ್ಲಿ ಕಾಜಾಣ ಇದ್ದರೆ ಆ ಮರ ಕಡಿಯಬೇಡಿ.

ಮಲ್ಲಿಗೆ ಬಳ್ಳಿ
ಅಕ್ಕಪಕ್ಕದಲ್ಲಿ ಯಾರಾದರೂ ಕಾಳು ಹಾಕುತ್ತಿದ್ದಾರಾ ನೋಡಿದಿರಾ? ದಿನಾ ಅದೇ ಹೊತ್ತಿಗೆ ಬಂದು ಅದೇ ಹೊತ್ತಿಗೆ ಹೋಗುತ್ತವೆ ಅಂದರೆ ಎಲ್ಲೋ ಊಟದ ವೇಳೆ ಇದೆ.

ದುರ್ಗದರಸ್ತೆ
ನಿಮ್ಮ ಮಾತು ನಿಜ. ಎರಡು ಮನೆ ಆಚೆ ಒಬ್ಬ ಹಿರಿಯರು ಬೆಳಿಗ್ಗೆ ಎಂಟಕ್ಕೆ ಮಾಳಿಗೆ ಮೇಲೆ ಒಂದು ಸೇರು ಜೋಳ ಚೆಲ್ಲುತ್ತಾರೆ. ಹೆಂಡತಿ ತೀರಿಕೊಂಡ ಮೇಲೆ ಶುರು ಮಾಡಿದ್ದಂತೆ. ಪಾರಿವಾಳಗಳು ನಮ್ಮ ಪೈಪಿನ ಮೇಲೆ ಕೂತು ಆ ಮಾಳಿಗೆ ಕಾಯುತ್ತಿವೆ. ಅವರಿಗೆ ಹೇಗೆ ಹೇಳುವುದು?

ಶಿರಾ ಬಯಲು
ನಿಲ್ಲಿಸಿ ಅನ್ನಬೇಡಿ. ಅಮ್ಮನನ್ನೇ ಕಳಿಸಿ. ಮಂಡಿಯ ಕಥೆ ಅವರೇ ಹೇಳಲಿ.

ಅರಳೀಕಟ್ಟೆ
ಹೌದು, ಅಮ್ಮನೇ ಮಾತಾಡಲಿ. ಕಾಳು ಕಡಿಮೆ ಮಾಡಿದರೆ ಪಾರಿವಾಳದ ಸಂಖ್ಯೆಯೂ ತಾನಾಗೇ ಕಡಿಮೆ ಆಗುತ್ತದೆ. ತಿನ್ನಿಸುವಷ್ಟು ದಿನ ಮರಿಗಳು ಬರುತ್ತಲೇ ಇರುತ್ತವೆ.

ದುರ್ಗದರಸ್ತೆ
ಇನ್ನೊಂದು ಸಮಸ್ಯೆ. ತಗಡು ಹಾಕಲು ಅಳತೆ ತೆಗೆಯುವಾಗ ಪಂಪ್ ರೂಮಿನ ಸಜ್ಜದ ಮೇಲೆ ಗೂಡು ಕಂಡಿತು. ಎರಡು ಮೊಟ್ಟೆ. ನಾಲ್ಕು ಕಡ್ಡಿ, ಒಂದು ತುಂಡು ಬೈಂಡಿಂಗ್ ವೈರು, ಅಷ್ಟೇ ಗೂಡು.

ಮಲ್ಲಿಗೆ ಬಳ್ಳಿ
ಕಾಯಿರಿ ಪ್ಲೀಸ್. ಮೊಟ್ಟೆ ಒಡೆಯಲು ಸುಮಾರು 18 ದಿನ. ಮರಿ ಹಾರಲು ಇನ್ನೊಂದು ತಿಂಗಳು. ಹಾರಿದ ದಿನವೇ ಗೂಡು ತೆಗೆದು, ಜಾಗ ತೊಳೆದು, ಸಜ್ಜಕ್ಕೆ ಬಲೆ ಕಟ್ಟಿ. ತಡ ಮಾಡಿದರೆ ಮತ್ತೆ ಮೊಟ್ಟೆ ಇಡುತ್ತವೆ.

ವೆಲ್ಡಿಂಗ್ ಶೆಡ್ ಗುಬ್ಬಿ
ಚೌಕಟ್ಟಿನ ಕೆಲಸ ಈಗಲೇ ಮಾಡಬಹುದು, ಸಜ್ಜಾ ಮಾತ್ರ ಬಿಡಿ. ತಗಡಿನ ತುದಿ ಎರಡೂ ಕಡೆ ಮುಚ್ಚಿ, ತೆರೆದಿದ್ದರೆ ಗುಬ್ಬಿ, ಕಣಜ ಒಳಗೆ ಸೇರುತ್ತವೆ.

ದುರ್ಗದರಸ್ತೆ
ಏಳು ವಾರದ ನಂತರ

ಕೇಳಿದವರಿಗೆಲ್ಲ ಏನಾಯಿತು ಅಂತ ಹೇಳಬೇಕು. ಉದ್ದದ ನಾಲ್ಕು ಪೈಪಿಗೆ ಸೂರಿನ ಹಾಗೆ ತಗಡು ಹಾಕಿಸಿದೆ, 60 ಡಿಗ್ರಿ. ಅಡ್ಡ ಪೈಪುಗಳಿಗೆ ಉರುಳುವ ಪಿವಿಸಿ. ಮೂಲೆಗೆ ಮೊಂಡು ಕಡ್ಡಿ ಪಟ್ಟಿ. ಹಳೇ ಶೇಡ್ ನೆಟ್ ತೆಗೆದು 19ರ ಬಲೆ ಬಿಗಿದೆವು. ದ್ರಾಕ್ಷಿ ತೋಟದವರು ಹೇಳಿದ ಹಾಗೆ ಅಂಗೈಗೊಂದು ಗಂಟು, ಎರಡು ದಿನ ಹಿಡಿಯಿತು. ರಾತ್ರಿ ದೀಪ ಆರಿಸುತ್ತೇವೆ. ಬೋಗುಣಿ ನುಗ್ಗೆ ಮರದ ಕೆಳಗಿದೆ, ಕಾಗೆ ಈಗ ಅಲ್ಲಿ ರೊಟ್ಟಿ ನೆನೆಸುತ್ತದೆ.

ಮೊದಲ ದಿನ ಪಾರಿವಾಳ ಬಂದು ತಗಡಿನ ಮೇಲೆ ಇಳಿದವು. ಉಗುರು ಜರ್ರನೆ ಜಾರಿತು, ರೆಕ್ಕೆ ಬಡಿದು ಎದ್ದವು. ಮತ್ತೆ ಇಳಿದವು, ಮತ್ತೆ ಜಾರಿದವು. ಐದಾರು ದಿನ ಹೀಗೇ. ಆಮೇಲೆ ಎದುರಿನ ಖಾಲಿ ಸೈಟಿನ ಬೇವಿನ ಮರಕ್ಕೆ ಹೋದವು. ಗೊರವಂಕ ಇನ್ನೂ ಎರಡು ಬರುತ್ತವೆ, ಗೇಟಿನ ಮೇಲೆ ಕೂರುತ್ತವೆ. ಅದಕ್ಕೆ ತೊಂದರೆ ಇಲ್ಲ.

ಅಮ್ಮ ಆ ಹಿರಿಯರ ಮನೆಗೆ ಹೋಗಿ ಬಂದರು. ಒಂದು ಗಂಟೆ ಕೂತಿದ್ದರಂತೆ. ಅವರು ಈಗ ಸೇರಿನ ಬದಲು ಒಂದು ಹಿಡಿ ಹಾಕುತ್ತಾರೆ. ಪಂಪ್ ರೂಮಿನ ಮರಿಗಳು ಇನ್ನೂ ಹಾರಿಲ್ಲ, ಹಳದಿ ತುಪ್ಪಳ ಪೂರ್ತಿ ಹೋಗಿ ಗರಿ ಬಂದಿದೆ, ಸಜ್ಜದ ಅಂಚಿಗೆ ಬಂದು ಇಣುಕುತ್ತವೆ.

ನಿನ್ನೆ ಬೆಳಿಗ್ಗೆ ಅಮ್ಮ ಕಂಬಿ ಮೇಲೆ ಕೈ ಸವರಿ, ಅಂಗೈ ತಿರುಗಿಸಿ ನೋಡಿಕೊಂಡರು. ಆಮೇಲೆ ನೀರಿಗಿಳಿದು ಈ ತುದಿಯಿಂದ ಆ ತುದಿಗೆ ಇಪ್ಪತ್ತು ಸಲ ನಡೆದರು.

ವೆಲ್ಡಿಂಗ್ ಶೆಡ್ ಗುಬ್ಬಿ
ತುಂಬಾ ಖುಷಿ ಆಯಿತು. ಮಳೆಗಾಲಕ್ಕೆ ಮುಂಚೆ ತಗಡಿನ ಸ್ಕ್ರೂ ಒಂದು ಸಲ ಬಿಗಿ ಮಾಡಿಸಿ, ಗಾಳಿಗೆ ಸಡಿಲ ಆಗುತ್ತವೆ.

ಮಲ್ಲಿಗೆ ಬಳ್ಳಿ
ಮರಿ ಹಾರಿದ ದಿನ ಇಲ್ಲಿ ಬರೆಯಿರಿ.

ಮಾವಿನ ತೋಪು ಶ್ರೀನಿವಾಸಪುರ
ಆ ಉರುಳುವ ಪೈಪು ನವಿಲಿಗೆ ಆಗುತ್ತದಾ? ಎಷ್ಟು ದಪ್ಪದ್ದು ಹಾಕಬೇಕು?